ಚೀಟಿಯಲ್ಲಿ ಬಂದ ಪ್ರೋಗ್ರಾಂ

ಎಂಜಿನಿಯರಿಂಗ್ ಮೊದಲ ವರ್ಷದ ಸಿ ಲ್ಯಾಬ್ ಪರೀಕ್ಷೆ ಹೇಗಿತ್ತೆಂದು ಅದನ್ನು ಬರೆದವರು ಮರೆಯುವುದಿಲ್ಲ. ಮೇಜಿನ ಮೇಲೆ ಮಡಚಿಟ್ಟ ಚೀಟಿಗಳಿರುತ್ತಿದ್ದವು. ಒಂದನ್ನು ಎತ್ತಬೇಕು, ಬಂದ ಪ್ರೋಗ್ರಾಮನ್ನು ಉತ್ತರಪತ್ರಿಕೆಯಲ್ಲಿ ಬರೆಯಬೇಕು, ಸಿಸ್ಟಮ್ ಮುಂದೆ ಕೂತು ಓಡಿಸಬೇಕು, ಬೇರೆ ಕಾಲೇಜಿನಿಂದ ಬಂದ ಎಕ್ಸಾಮಿನರ್‌ಗೆ ಔಟ್‌ಪುಟ್ ತೋರಿಸಿ ವೈವಾಕ್ಕೆ ಉತ್ತರ ಹೇಳಬೇಕು. ಚೀಟಿಗಳಲ್ಲಿ ಇರುತ್ತಿದ್ದುದೆಲ್ಲ ಸೆಮಿಸ್ಟರ್ ಶುರುವಾಗುವಾಗಲೇ ಕೈಗೆ ಬಂದ ಲ್ಯಾಬ್ ಮ್ಯಾನ್ಯುಯಲ್‌ನ ಪ್ರೋಗ್ರಾಂಗಳೇ. ಕಷ್ಟದ್ದು ಬಂದರೆ ಒಂದು ಸಲ ‘ಚೇಂಜ್ ಆಫ್ ಪ್ರೋಗ್ರಾಂ’ ಕೇಳಬಹುದಿತ್ತು, ಒಂದಷ್ಟು ಅಂಕ ಬಿಟ್ಟುಕೊಟ್ಟು.

ಆ ಪರೀಕ್ಷೆಯನ್ನು ವರ್ಷವರ್ಷವೂ ನಡೆಸಿದ ಮೇಷ್ಟ್ರೊಬ್ಬರು ಮತ್ತು ಅದನ್ನು ದಾಟಿ ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಅವರ ಶಿಷ್ಯೆ ಹಾಸನದಲ್ಲಿ ಕೂತು ಆಡಿದ ಮಾತು ಇದು. ಅವಳ ಊರು ಸಕಲೇಶಪುರದ ಕಡೆ. ಎಸ್ಸೆಸ್ಸೆಲ್ಸಿವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ.

ಶಿಷ್ಯೆ: ಸರ್, ಬೇಜಾರು ಮಾಡ್ಕೋಬೇಡಿ. ಸಿ ಲ್ಯಾಬ್‌ನಲ್ಲಿ ನನಗೆ ಒಳ್ಳೇ ಮಾರ್ಕ್ಸ್ ಬಂದಿತ್ತು. ಆದ್ರೆ ಆಗ ನನಗೆ ಪ್ರೋಗ್ರಾಂ ಬರೆಯೋಕೆ ಬರ್ತಿರಲಿಲ್ಲ. ಮ್ಯಾನ್ಯುಯಲ್‌ನಲ್ಲಿದ್ದಿದ್ದನ್ನೆಲ್ಲ ಸೆಮಿಕೋಲನ್ ಸಮೇತ ಬಾಯಿಪಾಠ ಮಾಡಿದ್ದೆ. ಚೀಟಿಯಲ್ಲಿ ಬೈನರಿ ಸರ್ಚ್ ಬಂತು, ಬರೆದೆ, ಓಡ್ತು. ಎಕ್ಸಾಮಿನರ್ ಒಂದೇ ಒಂದು ಕೇಳಿದ್ರು: ‘ಹುಡುಕೋ ಸಂಖ್ಯೆ ಪಟ್ಟಿಯಲ್ಲಿ ಇಲ್ಲವೇ ಇಲ್ಲ ಅಂದ್ರೆ ನಿನ್ನ ಲೂಪ್ ಹೇಗೆ ನಿಲ್ಲುತ್ತೆ?’ ನನಗೆ ಹೇಳೋಕೆ ಆಗಲಿಲ್ಲ.

ಮೇಷ್ಟ್ರು: ನಿನಗೆ ಗೊತ್ತಿಲ್ಲ ಅನ್ನೋದು ನನಗೂ ಗೊತ್ತಿತ್ತಮ್ಮ. ಆದ್ರೂ ನೀನು ಮುಂದಿನ ವರ್ಷ ಡೇಟಾ ಸ್ಟ್ರಕ್ಚರ್ಸ್‌ನಲ್ಲಿ ಲಿಂಕ್ಡ್ ಲಿಸ್ಟ್ ಸ್ವಂತವಾಗಿ ಬರೆದೆ. ಅದು ಎಲ್ಲಿಂದ ಬಂತು? ಸಂಗೀತ ಕಲಿಯೋರು ಸರಳೆ ವರಸೆ ಹೇಳ್ತಾ ಹೇಳ್ತಾ ರಾಗಕ್ಕೆ ಹೋಗ್ತಾರೆ. ಮೊದಲ ದಿನವೇ ಅರ್ಥ ಮಾಡ್ಕೊಂಡು ಹಾಡು ಅಂತ ಯಾವ ಗುರುವೂ ಹೇಳಲ್ಲ.

ಶಿಷ್ಯೆ: ಸರಳೆಯಲ್ಲಿ ಸ್ವರ ತಪ್ಪಿದ್ರೆ ಹಾಡೋರ ಕಿವಿಗೇ ಗೊತ್ತಾಗುತ್ತೆ ಸರ್. ಗೊತ್ತಾಗದಿದ್ರೆ ಎದುರಿಗೆ ಕೂತ ಗುರುಗಳು ಅಲ್ಲೇ ನಿಲ್ಲಿಸ್ತಾರೆ. ಬಾಯಿಪಾಠದ ಪ್ರೋಗ್ರಾಂನಲ್ಲಿ ನನ್ನ ತಪ್ಪು ನನಗೆ ಕೇಳಿಸ್ತಾನೇ ಇರಲಿಲ್ಲ. ಕಂಪೈಲರ್ ಸ್ಕ್ರೀನ್ ತುಂಬ ಎರರ್ ತೋರಿಸೋದು. ಪಕ್ಕದವಳ ಸ್ಕ್ರೀನ್ ಜೊತೆ ಸಾಲು ಸಾಲಾಗಿ ಹೋಲಿಸಿ ಬಿಟ್ಟುಹೋದ ಬ್ರಾಕೆಟ್ ಹುಡುಕ್ತಿದ್ದೆ. ಲಿಂಕ್ಡ್ ಲಿಸ್ಟ್ ನನಗೆ ಹತ್ತಿದ್ದು ಬಾಯಿಪಾಠದಿಂದ ಅಲ್ಲ, ನೀವು ಬೋರ್ಡಿನ ಮೇಲೆ ಬಾಣ ಹಾಕಿ ಒಂದೊಂದೇ ನೋಡ್ ಅಳಿಸಿ ತೋರಿಸಿದ್ದರಿಂದ.

ಮೇಷ್ಟ್ರು: ಸರಿ. ಹಾಗಿದ್ರೆ ತಪ್ಪು ಎಲ್ಲಿ ಅಂತೀಯ? ಎಲ್ಲರೂ ಹೇಳೋ ಹಾಗೆ ಸಿ ತೆಗೆದು ಪೈಥಾನ್ ಹಾಕಿಬಿಡಿ ಅಂತೀಯಾ?

ಶಿಷ್ಯೆ: ಅದನ್ನೂ ಹೇಳ್ತೀನಿ. ಎರಡು ಸಂಖ್ಯೆ ಕೂಡಿಸೋಕೆ ನಾವು ಮೊದಲ ವಾರ ಏನೇನು ಬರೀಬೇಕಿತ್ತು ನೋಡಿ. ಹೆಡರ್ ಫೈಲ್, ಮೇನ್, ಪರ್ಸೆಂಟ್ ಡಿ, ಸ್ಕ್ಯಾನ್‌ಎಫ್ ಒಳಗೆ ಆಂಪರ್‌ಸ್ಯಾಂಡ್. ಆ ಆಂಪರ್‌ಸ್ಯಾಂಡ್ ಯಾಕೆ ಅಂತ ಕೇಳಿದ್ರೆ ‘ಪಾಯಿಂಟರ್ಸ್ ಕೊನೇ ಮಾಡ್ಯೂಲ್‌ನಲ್ಲಿ ಬರುತ್ತೆ, ಈಗ ಹಾಕ್ಕೋ’ ಅಂತ ಉತ್ತರ. ಶುರುವಿನಲ್ಲೇ ‘ಯಾಕೆ ಅಂತ ಕೇಳಬೇಡ’ ಅನ್ನೋ ಪಾಠ ಆಯ್ತು ಅದು. ಡೆನಿಸ್ ರಿಚಿ ಬೆಲ್ ಲ್ಯಾಬ್ಸ್‌ನಲ್ಲಿ ಸಿ ಮಾಡಿದ್ದು ಯೂನಿಕ್ಸ್ ಬರೆಯೋಕೆ, ಹಾಸನದ ಹದಿನೆಂಟು ವರ್ಷದ ಹುಡುಗಿಗೆ ಪ್ರೋಗ್ರಾಮಿಂಗ್ ಪರಿಚಯ ಮಾಡಿಸೋಕಲ್ಲ. ಕಲಿಯೋರಿಗೆ ಅಂತಲೇ ಮಾಡಿದ ಭಾಷೆಗಳು ಮೊದಲಿಂದ ಇದ್ವು. ಡಾರ್ಟ್‌ಮತ್ ಕಾಲೇಜಿನಲ್ಲಿ ಕೆಮೆನಿ, ಕರ್ಟ್ಜ್ 1964ರಲ್ಲೇ ಬೇಸಿಕ್ ಮಾಡಿದ್ರು, ವಿಜ್ಞಾನ ಓದದ ವಿದ್ಯಾರ್ಥಿಗಳೂ ಕಂಪ್ಯೂಟರ್ ಬಳಸಲಿ ಅಂತ. ನಿಕ್ಲಾಸ್ ವಿರ್ತ್ 1970ರಲ್ಲಿ ಪಾಸ್ಕಲ್ ಕೊಟ್ಟರು. ಈಗ ಪೈಥಾನ್ ಇದೆ.

ಮೇಷ್ಟ್ರು: ನಾನು ಸಿ ಪಕ್ಷ ವಹಿಸೋದು ಯಾಕೆ ಅಂತ ಒಂದು ಉದಾಹರಣೆಯಲ್ಲೇ ಹೇಳ್ತೀನಿ. ಹಳೇ ಟರ್ಬೊ ಸಿ ಕಂಪೈಲರ್‌ನಲ್ಲಿ ಫ್ಯಾಕ್ಟೋರಿಯಲ್ ಪ್ರೋಗ್ರಾಂಗೆ 7 ಕೊಟ್ಟರೆ 5040 ಬರುತ್ತೆ. 8 ಕೊಟ್ಟರೆ ಮೈನಸ್ 25216. ಧನ ಸಂಖ್ಯೆಗಳನ್ನಷ್ಟೇ ಗುಣಿಸ್ತಾ ಹೋದ್ವಿ, ಋಣ ಸಂಖ್ಯೆ ಎಲ್ಲಿಂದ ಬಂತು? ಅಲ್ಲಿ ಇಂಟ್‌ಗೆ ಇರೋದು 16 ಬಿಟ್. 32767ರ ಆಚೆ ಅದರೊಳಗೆ ಜಾಗ ಇಲ್ಲ. 40320 ಹಿಡಿಸದೆ, ಅದರಿಂದ 65536 ಕಳೆದು ಉಳಿದದ್ದು ತೋರಿಸುತ್ತೆ. ಈಗಿನ ಜಿಸಿಸಿ ಕಂಪೈಲರ್‌ನಲ್ಲಿ ಇಂಟ್ 32 ಬಿಟ್. 12ರವರೆಗೆ ಸರಿಯಾಗಿ ಬರುತ್ತೆ. 13 ಕೊಟ್ಟರೆ 6227020800 ಬರಬೇಕಾದ ಕಡೆ 1932053504 ಅಂತ ಬರುತ್ತೆ. ಮೈನಸ್ ಚಿಹ್ನೆಯೂ ಇಲ್ಲ, ನೋಡೋಕೆ ನಿಜವಾದ ಉತ್ತರದ ಹಾಗೇ ಇದೆ. ಪೈಥಾನ್‌ನಲ್ಲಿ ಎಷ್ಟು ದೊಡ್ಡದು ಕೊಟ್ಟರೂ ಸರಿಯಾದ ಉತ್ತರ. ಹುಡುಗರಿಗೆ ಯಂತ್ರಕ್ಕೊಂದು ಮಿತಿ ಇದೆ ಅನ್ನೋದೇ ತಿಳಿಯಲ್ಲ.

ಶಿಷ್ಯೆ: ಎಷ್ಟು ಚೆನ್ನಾಗಿ ಹೇಳಿದ್ರಿ ಸರ್! ಆದ್ರೆ ಲ್ಯಾಬ್‌ನಲ್ಲಿ ನಾವು 8 ಕೊಡಲೇ ಇಲ್ಲ. ಮ್ಯಾನ್ಯುಯಲ್‌ನಲ್ಲಿ ಇನ್‌ಪುಟ್ 5, ಔಟ್‌ಪುಟ್ 120 ಅಂತಿತ್ತು. ರೆಕಾರ್ಡ್‌ನಲ್ಲೂ ಅದನ್ನೇ ಬರೆದು ಸಹಿ ಹಾಕಿಸ್ಕೊಂಡ್ವಿ. ಸಿ ಕಲಿಸಬೇಕಾದ ಪಾಠ ಸಿಯಲ್ಲೇ ಕೂತಿತ್ತು, ನಾವು ಅದರ ಪಕ್ಕದಲ್ಲೇ ಹಾದುಹೋದ್ವಿ.

ಈ ಮಾತಿಗೆ ಮೇಷ್ಟ್ರು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ನನಗೆ ಇಡೀ ಸಂವಾದದಲ್ಲಿ ಬಹಳ ಮುಖ್ಯ ಅನ್ನಿಸಿದ್ದು ಇದೇ. ಭಾಷೆ ಯಾವುದಿದ್ದರೂ, ಮೊದಲೇ ಗೊತ್ತಿರುವ ಇನ್‌ಪುಟ್ ಕೊಟ್ಟು ಮೊದಲೇ ಗೊತ್ತಿರುವ ಔಟ್‌ಪುಟ್ ಪಡೆಯುವ ಕಡೆ ಕಲಿಯುವುದಕ್ಕೆ ಏನೂ ಉಳಿದಿರುವುದಿಲ್ಲ.

ಮೇಷ್ಟ್ರು: ಅದೇ ನೋಡು, ನೀನೂ ಭಾಷೆಯಿಂದ ಈಚೆಗೆ ಬಂದೆ. ಭಾಷೆ ಬದಲಾಯಿಸಿದ್ರೆ ಎಲ್ಲ ಸರಿಹೋಗುತ್ತೆ ಅನ್ನೋದನ್ನ ನಾನು ನಂಬಲ್ಲ. ವಾಟ್ಸನ್, ಲಿ ಅನ್ನೋರು 2014ರಲ್ಲಿ ಹಲವು ದೇಶಗಳ ಮೊದಲ ಪ್ರೋಗ್ರಾಮಿಂಗ್ ಕೋರ್ಸುಗಳ ಫಲಿತಾಂಶ ಒಟ್ಟು ಹಾಕಿ ನೋಡಿದ್ರು. ಪಾಸಾಗೋರು ಸರಾಸರಿ ಶೇ. 67.7. ಕಲಿಸಿದ ಭಾಷೆ ಯಾವುದು ಅನ್ನೋದರಿಂದ ಅದರಲ್ಲಿ ವ್ಯತ್ಯಾಸ ಕಾಣಲಿಲ್ಲ. ವರ್ಷ ಕಳೆದ ಹಾಗೆ ಸುಧಾರಿಸಿದ್ದೂ ಕಾಣಲಿಲ್ಲ. ಎಂಐಟಿ ಸ್ಕೀಮ್ ಬಿಟ್ಟು ಪೈಥಾನ್ ಹಿಡೀತು, ಹಾರ್ವರ್ಡ್‌ನ ಸಿಎಸ್50 ಸ್ಕ್ರ್ಯಾಚ್‌ನಿಂದ ಶುರುಮಾಡಿ ಸಿಗೆ ಬಂದು ಆಮೇಲೆ ಪೈಥಾನ್‌ಗೆ ಹೋಗುತ್ತೆ. ದಾರಿ ಬೇರೆ ಬೇರೆ. ಒಟ್ಟು ಸರಾಸರಿ ನೋಡಿದ್ರೆ ಸುಮಾರು ಮೂರರಲ್ಲೊಬ್ಬರು ಹಿಂದೆ ಉಳೀತಾರೆ.

ಶಿಷ್ಯೆ: ಆ ಮೂರನೆಯವರ ಬಗ್ಗೆ ನಮ್ಮ ಸ್ಟಾಫ್‌ರೂಮ್‌ಗಳಲ್ಲಿ ಒಂದು ಮಾತಿದೆಯಲ್ಲ ಸರ್, ‘ಇದು ಎಲ್ಲರಿಗೂ ಬರಲ್ಲ, ಹುಟ್ಟಿನಿಂದ ಬರಬೇಕು’ ಅಂತ. ಇಂಗ್ಲೆಂಡ್‌ನಲ್ಲಿ ದೆಹನಾದಿ, ಬೋರ್ನಾಟ್ ಅನ್ನೋರು 2006ರಲ್ಲಿ ಒಂದು ಪ್ರಬಂಧ ಬರೆದಿದ್ರು, ಕೋರ್ಸ್ ಶುರುವಾಗೋ ಮುಂಚೆಯೇ ಪರೀಕ್ಷೆ ಕೊಟ್ಟು ಯಾರಿಗೆ ಬರುತ್ತೆ ಯಾರಿಗೆ ಬರಲ್ಲ ಅಂತ ಬೇರ್ಪಡಿಸಬಹುದು ಅಂತ. ಬೋರ್ನಾಟ್ 2014ರಲ್ಲಿ ಅದನ್ನ ಹಿಂತೆಗೆದುಕೊಂಡರು. ಹಿಂತೆಗೆದುಕೊಂಡಿದ್ದು ಎಷ್ಟು ಜನಕ್ಕೆ ತಲುಪಿತೋ. ಮೊದಲನೆಯದಂತೂ ಎಲ್ಲ ಕಡೆ ಹರಡಿತು.

ಮೇಷ್ಟ್ರು: ಆ ಮಾತನ್ನ ನಾನು ಆಡಲ್ಲ. ಕನ್ನಡ ಮೀಡಿಯಂನಿಂದ ಬಂದು ಮೊದಲ ಇಂಟರ್ನಲ್ಸ್‌ನಲ್ಲಿ ಕಂಗೆಟ್ಟು ಕೂತಿದ್ದೋರು ಕೊನೇ ವರ್ಷದ ಪ್ರಾಜೆಕ್ಟ್‌ನಲ್ಲಿ ಮುಂದೆ ಬಂದಿದ್ದನ್ನ ಕಣ್ಣಾರೆ ಕಂಡಿದ್ದೀನಿ.

ಶಿಷ್ಯೆ: ಹಾಗಾದ್ರೆ ನನ್ನ ಮಾತು ಕೇಳಿ. ನಮಗೆ ಓದೋಕೆ ಕಲಿಸದೆ ಬರೆಯೋಕೆ ಹಚ್ಚಿದ್ರಿ. ಎ ಅಂದ್ರೆ 5, ಬಿ ಅಂದ್ರೆ 7. ಮೊದಲ ಸಾಲು ‘ಎ = ಬಿ’, ಎರಡನೇ ಸಾಲು ‘ಬಿ = ಎ’. ಈಗ ಎರಡರಲ್ಲೂ ಏನಿದೆ? ಮೊದಲ ತಿಂಗಳು ನನ್ನನ್ನ ಕೇಳಿದ್ರೆ ಅದಲು ಬದಲಾಗಿದೆ ಅಂತಿದ್ದೆ. ಎರಡರಲ್ಲೂ 7 ಇರುತ್ತೆ ಅಂತ ನನಗೆ ಯಾರೂ ತೋರಿಸಿರಲಿಲ್ಲ, ಯಾಕಂದ್ರೆ ಮ್ಯಾನ್ಯುಯಲ್‌ನಲ್ಲಿದ್ದಿದ್ದು ಟೆಂಪ್ ಅನ್ನೋ ಮೂರನೇ ವೇರಿಯಬಲ್ ಹಾಕಿದ ಸರಿಯಾದ ಪ್ರೋಗ್ರಾಂ ಮಾತ್ರ. ಒಂದು ಹಾಳೆ ಮೇಲೆ ಪ್ರತಿ ವೇರಿಯಬಲ್‌ಗೂ ಒಂದು ಕಾಲಂ ಎಳೆದು, ಸಾಲು ಸಾಲಿಗೂ ಬೆಲೆ ಬರೆದುಕೊಂಡು ಹೋಗೋ ಟ್ರೇಸ್ ಟೇಬಲ್ ಇದೆಯಲ್ಲ, ಅದನ್ನ ನಾನು ಕಲಿತಿದ್ದು ಕೆಲಸಕ್ಕೆ ಸೇರಿದ ಮೇಲೆ. ಸೇರಿದ ಹೊಸತರಲ್ಲಿ ನನ್ನ ಕೈಲಿ ಹೊಸ ಕೋಡ್ ಬರೆಸಲಿಲ್ಲ. ಬೇರೆಯವರು ಬರೆದಿದ್ದನ್ನ ಓದು, ಎಲ್ಲಿ ತಪ್ಪಿದೆ ಹೇಳು ಅಂದ್ರು. ಅಲ್ಲಿ ನನ್ನ ಬಾಯಿಪಾಠ ಒಂದೂ ಉಪಯೋಗಕ್ಕೆ ಬರಲಿಲ್ಲ.

ಮೇಷ್ಟ್ರು: ನೀನು ಹೇಳೋದಕ್ಕೆ ಆಧಾರ ಇದೆ. ಮೆಕ್‌ಕ್ರಾಕನ್ ಮತ್ತು ಅವರ ಜೊತೆಗಾರರು 2001ರಲ್ಲಿ ಬೇರೆ ಬೇರೆ ವಿಶ್ವವಿದ್ಯಾಲಯಗಳ ಹೊಸ ವಿದ್ಯಾರ್ಥಿಗಳಿಗೆ ಪ್ರೋಗ್ರಾಂ ಬರೆಯೋಕೆ ಕೊಟ್ಟರು. 110 ಅಂಕಕ್ಕೆ ಸರಾಸರಿ 23 ಕೂಡ ಬರಲಿಲ್ಲ. ಅವರಿಗೆ ಸಮಸ್ಯೆ ಬಿಡಿಸೋ ಬುದ್ಧಿ ಇಲ್ಲ ಅಂತ ಎಲ್ಲ ಅಂದುಕೊಂಡ್ರು. ಆಮೇಲೆ 2004ರಲ್ಲಿ ರೇಮಂಡ್ ಲಿಸ್ಟರ್ ಅವರ ತಂಡ ಏಳು ದೇಶಗಳಲ್ಲಿ ಬರೆಯೋಕೆ ಕೊಡಲಿಲ್ಲ, ಬರೆದ ಪುಟ್ಟ ಕೋಡ್ ಕೊಟ್ಟು ‘ಇದು ಓಡಿದ್ರೆ ಏನು ಬರುತ್ತೆ?’ ಅಂತ ಕೇಳಿತು. ಎಷ್ಟೋ ಜನಕ್ಕೆ ಅದೂ ಆಗಲಿಲ್ಲ. ಓದೋಕೇ ಬಾರದವರ ಕೈಲಿ ನಾವು ಬರೆಸ್ತಿದ್ವಿ. ಹಿಂದಿನವರಿಗೆ ಈ ತೊಂದರೆ ಕಡಿಮೆ ಇತ್ತೇನೋ. ಕಾನ್ಪುರದ ಐಐಟಿಗೆ 1963ರಲ್ಲಿ ಐಬಿಎಂ 1620 ಬಂತು. ಆಮೇಲೆ ನಮ್ಮ ಬೆಂಗಳೂರಿನ ಐಐಎಸ್‌ಸಿಗೆ ಬಂದ ವಿ. ರಾಜಾರಾಮನ್ ಅವರು ಕಾನ್ಪುರದಲ್ಲಿ ಫೋರ್‌ಟ್ರಾನ್ ಕಲಿಸಿದವರಲ್ಲಿ ಒಬ್ಬರು. ಅದು ಪಂಚ್ ಕಾರ್ಡ್ ಕಾಲ. ಒಂದು ಕಾರ್ಡಿನಲ್ಲಿ ತಪ್ಪಿದ್ರೆ ಮತ್ತೆ ಸರದಿಗೆ ಕಾಯಬೇಕು. ಹಾಗಾಗಿ ಕಾರ್ಡ್ ಕೊಡೋ ಮುಂಚೆ ಕಾಗದದ ಮೇಲೇ ಪ್ರೋಗ್ರಾಂ ಓಡಿಸಿ ನೋಡೋರು. ಯಂತ್ರದ ಬಡತನವೇ ಅವರಿಗೆ ಓದೋಕೆ ಕಲಿಸ್ತು.

ಶಿಷ್ಯೆ: ಅದನ್ನೇ ನಾವು ಬೇಕಂತಲೇ ಮಾಡಬಹುದಲ್ಲ ಸರ್? ಇನ್ನೊಂದು ಹೇಳ್ತೀನಿ. ಯೇಲ್‌ನ ಎಲಿಯಟ್ ಸೊಲೊವೇ 1980ರ ದಶಕದಲ್ಲಿ ಒಂದು ಲೆಕ್ಕ ಕೊಡ್ತಿದ್ದರು, ಮಳೆ ಲೆಕ್ಕ ಅಂತಲೇ ಅದು ಹೆಸರಾಗಿದೆ. ದಿನದ ಮಳೆ ಒಂದೊಂದಾಗಿ ತಗೋ, 99999 ಅಂತ ಬಂದಾಗ ನಿಲ್ಲಿಸು, ಸರಾಸರಿ ಹೇಳು. ಅಷ್ಟೇ. ಅದರಲ್ಲಿ ಎಡವಿದವರು ಬಹಳ ಮಂದಿ. ನಾನು ಅದನ್ನ ಓದಿದಾಗ ನಮ್ಮೂರ ಕಾಫಿ ತೋಟದ ರೈಟರು ಬರೆಯೋ ಮಳೆ ಪುಸ್ತಕ ಕಣ್ಮುಂದೆ ಬಂತು. ಬೆಳಿಗ್ಗೆ ಮಳೆಮಾಪಕ ನೋಡಿ ಇಷ್ಟು ಇಂಚು, ಇಷ್ಟು ಸೆಂಟ್ಸ್ ಅಂತ ಬರೀತಾರೆ. ಮಳೆ ಬಾರದ ದಿನ ಸೊನ್ನೆ. ರೈಟರು ರಜೆ ಇದ್ದ ದಿನ ಖಾಲಿ. ಆ ಸೊನ್ನೆ ಬೇರೆ, ಆ ಖಾಲಿ ಬೇರೆ. ಸೊನ್ನೆಯನ್ನ ದಿನಗಳ ಲೆಕ್ಕಕ್ಕೆ ಸೇರಿಸಬೇಕು, ಖಾಲಿಯನ್ನ ಸೇರಿಸಬಾರದು. 99999 ಬಂದಾಗ ಅದನ್ನೇ ಮಳೆ ಅಂತ ಕೂಡಿಸಿಬಿಟ್ಟರೆ ಸಕಲೇಶಪುರ ಮುಳುಗಿಹೋಗುತ್ತೆ. ಒಂದು ದಿನವೂ ಬರೆಯದೆ ಮೊದಲೇ 99999 ಬಂದ್ರೆ? ಸೊನ್ನೆಯಿಂದ ಭಾಗಿಸಿದ ಹಾಗಾಗುತ್ತೆ, ಪ್ರೋಗ್ರಾಂ ಅಲ್ಲೇ ಕೆಡುತ್ತೆ. ಇಷ್ಟೆಲ್ಲ ಯೋಚನೆ ಒಂದು ಸಣ್ಣ ಲೂಪ್‌ನೊಳಗಿದೆ. ಬರೆಯೋಕೆ ಹತ್ತಿಪ್ಪತ್ತು ಸಾಲು ಸಾಕು. ನಮ್ಮ ಮ್ಯಾನ್ಯುಯಲ್‌ನಲ್ಲಿ ಇಂಥದು ಒಂದೂ ಇರಲಿಲ್ಲ. ಅಲ್ಲಿದ್ದದ್ದು ವರ್ಗಸಮೀಕರಣದ ಮೂಲಗಳು, ಮ್ಯಾಟ್ರಿಕ್ಸ್ ಗುಣಾಕಾರ, ಬಬಲ್ ಸಾರ್ಟ್.

ಮೇಷ್ಟ್ರು: ಮ್ಯಾಟ್ರಿಕ್ಸ್ ಗುಣಾಕಾರವನ್ನ ಹಗುರ ಮಾಡಬೇಡ. ಮೂರು ಲೂಪ್ ಒಂದರೊಳಗೊಂದು ಕೂತಾಗ ಯಾವುದು ಎಷ್ಟು ಸಲ ತಿರುಗುತ್ತೆ ಅಂತ ತಿಳಿಯೋಕೆ ಅದಕ್ಕಿಂತ ಒಳ್ಳೇದು ಸಿಗಲ್ಲ. ಆದ್ರೆ ಮಳೆ ಪುಸ್ತಕದ ಲೆಕ್ಕ ನನಗೆ ಹಿಡಿಸ್ತು. ನಮ್ಮ ಹುಡುಗರಲ್ಲಿ ಅರ್ಧ ಜನ ಅದನ್ನ ಮನೆಯಲ್ಲೇ ನೋಡಿರ್ತಾರೆ.

ಶಿಷ್ಯೆ: ಮತ್ತೆ ಇದನ್ನ ಕನ್ನಡದಲ್ಲೇ ವಿವರಿಸಿ ಸರ್. ನೀವು ಕ್ಲಾಸಿನಲ್ಲಿ ಅರ್ಧ ಕನ್ನಡದಲ್ಲೇ ಹೇಳ್ತಿದ್ರಿ, ಅದರಿಂದಲೇ ನಾನು ಉಳಿದೆ. ವೈವಾದಲ್ಲಿ ಮಾತ್ರ ಇಂಗ್ಲಿಷ್. ಗೊತ್ತಿದ್ದದ್ದೂ ಗಂಟಲಲ್ಲೇ ನಿಲ್ಲೋದು. ಐಐಟಿ ಬಾಂಬೆಯವರ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಸಿ, ಲಿನಕ್ಸ್ ಪಾಠಗಳು ಕನ್ನಡ ಧ್ವನಿಯಲ್ಲಿವೆ. ಅದು ಇದೆ ಅಂತ ನನಗೆ ಗೊತ್ತಾಗಿದ್ದು ಡಿಗ್ರಿ ಮುಗಿದ ಮೇಲೆ.

ಮೇಷ್ಟ್ರು: ಕನ್ನಡದಲ್ಲಿ ಹೇಳ್ತೀನಿ, ಹೇಳ್ತಾನೇ ಇದ್ದೀನಿ. ಆದ್ರೆ ಎರರ್ ಮೆಸೇಜ್ ಇಂಗ್ಲಿಷ್‌ನಲ್ಲೇ ಬರುತ್ತೆ, ಇಂಟರ್‌ವ್ಯೂ ಇಂಗ್ಲಿಷ್‌ನಲ್ಲೇ ಆಗುತ್ತೆ. ಮೊದಲ ವರ್ಷ ಆ ನೀರಿಗೆ ಇಳಿಸದಿದ್ರೆ ಕೊನೇ ವರ್ಷ ಕ್ಯಾಂಪಸ್ ಸೆಲೆಕ್ಷನ್ ದಿನ ನಾನು ಅವರ ಮುಖ ನೋಡೋಕೆ ಆಗಲ್ಲ.

ಶಿಷ್ಯೆ: ಮೆಸೇಜ್ ಇಂಗ್ಲಿಷ್‌ನಲ್ಲೇ ಇರಲಿ, ಓದೋದು ಕಲೀಲಿ. ‘ಯಾಕೆ ಹೀಗಾಯ್ತು’ ಅನ್ನೋದನ್ನ ಮೊದಲು ತನ್ನ ಮಾತಲ್ಲಿ ಹೇಳೋಕೆ ಬಿಡಿ ಅಂತಿದ್ದೀನಿ, ಅಷ್ಟೇ.

ಮೇಷ್ಟ್ರು: ಅದಿರಲಿ, ಈಗಿನ ದೊಡ್ಡ ತಲೆನೋವು ಬೇರೆ. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಅಸೈನ್‌ಮೆಂಟ್ ಅನ್ನೋದಕ್ಕೆ ಅರ್ಥವೇ ಹೋಗಿದೆ. ನೀನು ಕಡೇ ಪಕ್ಷ ಬಾಯಿಪಾಠ ಮಾಡ್ತಿದ್ದೆ, ಕೈಗಾದ್ರೂ ಕೆಲಸ ಇತ್ತು. ಈಗಿನವರು ಹಾಸ್ಟೆಲ್‌ನಲ್ಲಿ ಕೂತು ಪ್ರಶ್ನೆ ಅಂಟಿಸ್ತಾರೆ, ಉತ್ತರ ಅಂಟಿಸ್ತಾರೆ. ಕಾಮೆಂಟ್‌ಗಳ ಸಮೇತ ಅಚ್ಚುಕಟ್ಟಾದ ಕೋಡ್ ಬರುತ್ತೆ. ಅದರಲ್ಲಿ ಒಂದು ಸಾಲು ತೋರಿಸಿ ಇದೇನು ಅಂದ್ರೆ ನೆಲ ನೋಡ್ತಾರೆ. ಅದಕ್ಕೇ ನಾನು ಪೆನ್ನಿನಲ್ಲಿ ಬರೆಸೋದನ್ನ ಬಿಡಲ್ಲ.

ಶಿಷ್ಯೆ: ನಾವೂ ಆಫೀಸಿನಲ್ಲಿ ಅದನ್ನೇ ಬಳಸ್ತೀವಿ ಸರ್. ಕೋಡ್ ಅದು ಬರೆದುಕೊಡುತ್ತೆ, ಹೊಣೆ ನನ್ನದು. ಖಾಲಿ ದಿನವನ್ನ ಸೊನ್ನೆ ಅಂತ ಎಣಿಸಿದೆಯಾ ಅಂತ ನಾನೇ ಓದಿ ನೋಡಬೇಕು. ಹಾಗಾಗಿ ಈಗ ಓದೋಕೆ ಬರೋದು ಮೊದಲಿಗಿಂತ ಹೆಚ್ಚು ಬೇಕು. ಪೆನ್ನಿನಲ್ಲಿ ಬರೆಸಿ, ಬೇಡ ಅನ್ನಲ್ಲ. ಬರೆಸೋದು ಮ್ಯಾನ್ಯುಯಲ್‌ನ ಬೈನರಿ ಸರ್ಚನ್ನೇ ಆದ್ರೆ ಅಂಟಿಸೋದಕ್ಕೂ ಅದಕ್ಕೂ ಏನು ವ್ಯತ್ಯಾಸ?

ಮೇಷ್ಟ್ರು: ವ್ಯತ್ಯಾಸ ಇದೆ. ನೀನು ಈಗ ಅಷ್ಟು ಚೆನ್ನಾಗಿ ಓದ್ತೀಯಲ್ಲ, ಅದು ಸಾವಿರಾರು ಸಾಲು ನೀನೇ ಬರೆದು, ಕೆಡಿಸಿ, ರಾತ್ರಿ ಕೂತು ಸರಿಮಾಡಿದ್ದರಿಂದ ಬಂದಿದ್ದು. ಬರೆಯದೇ ಇದ್ದವರಿಗೆ ಓದೋದೂ ಬರಲ್ಲ. ಬರೀ ಓದಿಸಿ ಕಳಿಸಿದ್ರೆ ಖಾಲಿ ಸ್ಕ್ರೀನ್ ಮುಂದೆ ಕೂತಾಗ ಮೊದಲ ಸಾಲು ಹುಟ್ಟಲ್ಲ.

ಶಿಷ್ಯೆ: ಆ ಮಾತು ಒಪ್ಪಬೇಕಾದ್ದೇ. ಬರೀ ಓದೋದು ಸಾಲದು. ಆದ್ರೆ ಮೊದಲು ಯಾವುದು ಅನ್ನೋದರಲ್ಲಿ ನಾನು ಹಟ ಬಿಡಲ್ಲ.

ಮೇಷ್ಟ್ರು: ಒಂದು ಸಲ ಇಂಟರ್ನಲ್ಸ್‌ನಲ್ಲಿ ಇಂಥ ಪ್ರಶ್ನೆ ಹಾಕಿದ್ದೆ. ಕೋಡ್ ಕೊಟ್ಟು, ಔಟ್‌ಪುಟ್ ಬರೆದು ಕಾರಣ ಹೇಳಿ ಅಂತ. ‘ಔಟ್ ಆಫ್ ಸಿಲಬಸ್ ಸರ್’ ಅಂತ ಹುಡುಗರು ಬಂದರು. ಹುಡುಗರ ಹಿಂದೆ ಮನೆಯವರು ಬಂದರು. ಒಂದು ಸೆಕ್ಷನ್‌ಗೆ ಅರವತ್ತಕ್ಕೂ ಹೆಚ್ಚು ಜನ, ವಾರಕ್ಕೆ ಎರಡು ಗಂಟೆ ಲ್ಯಾಬ್. ಒಬ್ಬೊಬ್ಬರ ಪಕ್ಕ ಐದು ನಿಮಿಷ ಕೂರೋಕೂ ಆಗಲ್ಲ. ಎಲ್ಲ ಸೆಕ್ಷನ್‌ಗೂ ಒಂದೇ ಅಳತೆ ಇರಬೇಕು, ಫೈಲ್ ಮಾಡಿಡಬೇಕು. ಮ್ಯಾನ್ಯುಯಲ್ ಇದ್ದರೆ ಯಾರಿಗೂ ಅನ್ಯಾಯ ಆಯ್ತು ಅನ್ನೋಕೆ ಆಗಲ್ಲ. ಹಳ್ಳಿಯಿಂದ ಬಂದ ಹೆದರಿದ ಮಗುವಿಗೆ ‘ಇಷ್ಟು ಕಲಿತರೆ ಪಾಸಾಗ್ತೀಯ’ ಅನ್ನೋ ಭರವಸೆ ಅದು. ಆ ಭರವಸೆ ನಿನಗೂ ಬೇಕಿತ್ತು.

ಶಿಷ್ಯೆ: ಬೇಕಿತ್ತು ಸರ್. ಅದು ಇಲ್ಲದಿದ್ರೆ ಮೊದಲ ಸೆಮಿಸ್ಟರ್‌ನಲ್ಲೇ ಮನೆಗೆ ಹೋಗ್ತಿದ್ದೆನೋ ಏನೋ. ಆದ್ರೆ ಆಮೇಲೆ ನಮ್ಮ ವಿಶ್ವವಿದ್ಯಾಲಯ, ಬೆಳಗಾವಿಯ ವಿಟಿಯು, ಆ ಹಳೇ ಪದ್ಧತಿ ಬದಲಾಯಿಸ್ತಲ್ಲ?

ಮೇಷ್ಟ್ರು: ಹೌದು. 2022ರ ಸ್ಕೀಮ್‌ನಲ್ಲಿ ಸಿ ಥಿಯರಿ, ಲ್ಯಾಬ್ ಸೇರಿಸಿ ಒಂದೇ ವಿಷಯ ಮಾಡಿದ್ರು. ಲ್ಯಾಬ್ ಅಂಕ ಇಂಟರ್ನಲ್ಸ್‌ಗೆ ಸೇರಿತು. ಆ ಸ್ಕೀಮ್‌ನಲ್ಲಿ ಲ್ಯಾಬ್‌ಗೆ ಹೊರಗಿನ ಎಕ್ಸಾಮಿನರ್ ಇಲ್ಲ. ಪೈಥಾನ್ ಪರಿಚಯವೂ ಮೊದಲ ವರ್ಷದ ಆಯ್ಕೆಗಳ ಸಾಲಿಗೆ ಬಂತು.

ಶಿಷ್ಯೆ: ಹಾಗಾದ್ರೆ ಇಂಟರ್ನಲ್ಸ್‌ನ ಚೀಟಿಯಲ್ಲಿ ಏನಿರಬೇಕು ಅನ್ನೋದು ನಿಮ್ಮ ಕೈಲೇ ಇದೆ! ಬೆಳಗಾವಿಗೆ ಕಾಯಬೇಕಾಗಿಲ್ಲ. ಮ್ಯಾನ್ಯುಯಲ್ ಇಟ್ಟುಕೊಳ್ಳಿ. ಚೀಟಿಯಲ್ಲಿ ಅದರದೇ ಪ್ರೋಗ್ರಾಂ ಬರಲಿ. ಆದ್ರೆ ಒಂದು ಸಾಲು ತಪ್ಪಿಸಿ ಅಚ್ಚು ಹಾಕಿ ಕೊಡಿ. ಫ್ಯಾಕ್ಟೋರಿಯಲ್‌ಗೆ 13 ಕೊಟ್ಟು ಉತ್ತರ ನಂಬಬಹುದಾ ಅಂತ ಕೇಳಿ. ಹೆದರಿದ ಮಗುವಿಗೆ ನಿಮ್ಮ ಭರವಸೆಯೂ ಉಳೀತು, ತಲೆಗೆ ಕೆಲಸವೂ ಆಯ್ತು.

ಮೇಷ್ಟ್ರು: ಅಂಕ ಇಳಿಯುತ್ತೆ. ಮೊದಲ ವರ್ಷ ಗಲಾಟೆ ಆಗುತ್ತೆ. ಸಿ ಮಾತ್ರ ತೆಗೆಯಲ್ಲ. ಆ 13ರ ಪ್ರಶ್ನೆ ಪೈಥಾನ್‌ನಲ್ಲಿ ಕೇಳೋಕೆ ಬರಲ್ಲ ನೋಡು.

ಶಿಷ್ಯೆ: ಪೈಥಾನ್‌ನಲ್ಲಿ ಕೇಳೋಕೆ ಬೇರೆ ಪ್ರಶ್ನೆಗಳಿವೆ ಸರ್, ಬರೆದು ಕಳಿಸ್ತೀನಿ. ಆ ಆಂಪರ್‌ಸ್ಯಾಂಡ್ ಯಾಕೆ ಅಂತ ಮೊದಲ ವಾರವೇ ಹೇಳ್ತೀನಿ ಅಂತ ಮಾತು ಕೊಡಿ, ಸಿ ಬಗ್ಗೆ ನಾನು ಸುಮ್ಮನಾಗ್ತೀನಿ.

ಮೇಷ್ಟ್ರು: ಮೊದಲ ವಾರ ಆಗಲ್ಲಮ್ಮ. ಎರಡನೇ ವಾರ ಹೇಳ್ತೀನಿ.

ಸಿಯೋ ಪೈಥಾನೋ ಎಂಬ ವಾದ ಅವರಿಬ್ಬರ ನಡುವೆ ಹಾಗೇ ಉಳಿದಿದೆ. ಮೊದಲು ಓದಿಸಬೇಕೋ ಬರೆಸಬೇಕೋ ಎಂಬುದೂ ಅಷ್ಟೇ. ಮೊದಲ ವರ್ಷದವರಿಗೆ ಪ್ರೋಗ್ರಾಮಿಂಗ್ ಕಲಿಸುವ ಅಧ್ಯಾಪಕರಲ್ಲಿ ನನ್ನದೊಂದು ಕೋರಿಕೆ: ಯಾವ ಭಾಷೆಯನ್ನಾದರೂ ಕಲಿಸಿ, ಮುಂದಿನ ಇಂಟರ್ನಲ್ಸ್‌ನಲ್ಲಿ ಎಂಟು ಸಾಲಿನ ಒಂದು ಪ್ರೋಗ್ರಾಂ ಅಚ್ಚು ಹಾಕಿಸಿ ‘ಇದು ಏನು ಮಾಡುತ್ತದೆ, ಎಲ್ಲಿ ಕೆಡುತ್ತದೆ’ ಎಂದು ಕೇಳಿ. ಉತ್ತರ ಕನ್ನಡದಲ್ಲಿ ಬಂದರೂ ಪೂರ್ತಿ ಅಂಕ ಕೊಡಿ.